ವಾಲಿ ಸಾಯುವಾಗಲೂ ಚಪ್ಪಾಳೆ ಯಾಕೆ?

ಕುಂಬಳೆ ಕಡೆಯ ತಾಳಮದ್ದಳೆಯಲ್ಲಿ (ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ವಾಲಿ ಸಾಯುವಾಗಲೂ ಸಭೆ ಚಪ್ಪಾಳೆ ತಟ್ಟುತ್ತದೆ, ತಡೆಯುವುದು ಹೇಗೆ ಎಂದು ಕೇಳಿದ್ದೀರಿ. ತಪ್ಪು ಪ್ರೇಕ್ಷಕರದ್ದಲ್ಲ. ಯಕ್ಷಗಾನ ರಾಮಾಯಣ ಬರೆದ ಪಾರ್ತಿಸುಬ್ಬನ ಊರಿನವರಿಗೆ ಕಥೆ ಗೊತ್ತೇ ಇದೆ. ವೇಷ, ಕುಣಿತ ಇಲ್ಲದ ಕಡೆ ಅವರು ಬರುವುದು ಮಾತಿಗೆ. ವಾಲಿ ರಾಮನನ್ನು ಪ್ರಶ್ನಿಸುವಾಗ ವಾದ ಬಿಸಿಯೇರಿ ಕೈ ತಾನಾಗಿ ಬಡಿಯುತ್ತದೆ. ಆ ಚಪ್ಪಾಳೆ ಇರಲಿ. ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದೇ ಏರುಸ್ವರದಲ್ಲಿ ಕೊನೆಯ ಮಾತನ್ನೂ ಆಡಿದರೆ ಕೆಡುತ್ತದೆ. ವಾದ ಮುಗಿದ ಮೇಲೆ ಚೆಂಡೆ ಪೂರ್ತಿ ನಿಲ್ಲಿಸಿ, ಮದ್ದಳೆ ಮಾತ್ರ ಉಳಿಯಲಿ. ಹಾಡುವ ಭಾಗವತರು ಮುಖಾರಿ ರಾಗದಲ್ಲೋ ನೀಲಾಂಬರಿಯಲ್ಲೋ ನಿಧಾನವಾಗಿ ಪದ ಎತ್ತಿಕೊಳ್ಳಲಿ. ವಾಲಿ ಮಗ ಅಂಗದನನ್ನು ಒಪ್ಪಿಸುವ ಮಾತಿಗೆ ನಾಲ್ಕೈದು ವಾಕ್ಯ ಸಾಕು, ಉಪಮೆ ಬೇಡವೇ ಬೇಡ. ಮುಗಿದೊಡನೆ ಮಂಗಳ ಹಾಡಬೇಡಿ. 10 ಸೆಕೆಂಡು ಶ್ರುತಿಯೊಂದೇ ಕೇಳಿಸಲಿ. ಧನ್ಯವಾದ ಹೇಳುವವರು ಆಗಲೇ ಮೈಕು ಹಿಡಿದರೆ ಇಷ್ಟೂ ನೀರುಪಾಲು.