ಬಚ್ಚಲ ಒಲೆಯಿಂದ ಶುರು ಮಾಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಜ್ಜನ ಕಾಲದ ಹೆಂಚಿನ ಮನೆ, ಮಣ್ಣಿನ ಗೋಡೆ. ಅರ್ಧ ಮನೆಗೆ ಹೆಂಚಿನ ಕೆಳಗೆ ಹಲಗೆ ಹಾಸಿದ ಮುಚ್ಚಿಗೆ ಅಟ್ಟ ಇದೆ, ಉಳಿದರ್ಧಕ್ಕೆ ಇಲ್ಲ, ಬೇಸಿಗೆಯಲ್ಲಿ ಆ ಕೋಣೆಗಳು ಕಾದು ಹೋಗುತ್ತವೆ. ಹೊಗೆ ಕಾಟ ಅಂತ ಹಂಡೆ ತೆಗೆಸಿ ಗೀಸರ್ ಹಾಕಿಸಿದ್ದೇವೆ. ಆರು ಜನ ಇದ್ದೇವೆ, ಬಿಲ್ ಏರುತ್ತಲೇ ಇದೆ. ಮಗ ಫಾಲ್ಸ್ ಸೀಲಿಂಗ್, ಎಸಿ ಹಾಕಿಸೋಣ ಅನ್ನುತ್ತಾನೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಬಚ್ಚಲಿಂದ. ನಗಬೇಡಿ, ಲೆಕ್ಕ ಹೇಳುತ್ತೇನೆ. ಒಂದು ಬಕೆಟ್, ಅಂದರೆ 18 ಲೀಟರ್ ತಣ್ಣೀರು ಸ್ನಾನಕ್ಕೆ ಬಿಸಿಯಾಗಲು ಹೆಚ್ಚುಕಮ್ಮಿ ಅರ್ಧ ಯೂನಿಟ್ ಬೇಕು. ಆರು ಜನಕ್ಕೆ ಎರಡೆರಡು ಬಕೆಟ್ ಅಂದರೆ ದಿನಕ್ಕೆ 6 ಯೂನಿಟ್, ತಿಂಗಳಿಗೆ 180. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅಲ್ವಾ? ಫ್ರಿಜ್, ಪಂಪು, ಮಿಕ್ಸಿ ಎಲ್ಲ ಉಳಿದ 20ರಲ್ಲಿ ಮುಗಿಯುವ ಮಾತೇ ಇಲ್ಲ.

ಹಂಡೆ ವಾಪಸ್ ತನ್ನಿ, ಆದರೆ ಹಳೇ ಒಲೆ ಬೇಡ. ಅದರ ಬಾಯಿ ನೋಡಿದ್ದೀರಲ್ಲ, ಇಡೀ ಮರದ ಕುಂಟೆ ತುರುಕಬಹುದು. ಅಷ್ಟು ಅಗಲದ ಬಾಯಿಂದ ಬೇಡದ ಗಾಳಿ ನುಗ್ಗಿ, ಬಿಸಿಯನ್ನೆಲ್ಲ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ‘ಅಸ್ತ್ರ’ (ASTRA) ಕೇಂದ್ರದವರು ಸರಿ ಮಾಡಿದ್ದು ಇದನ್ನೇ. ಬಾಯಿ ಚಿಕ್ಕದು, ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಬೆಂಕಿ ಹಂಡೆಯನ್ನು ಸುತ್ತಿಕೊಂಡು ಆಮೇಲೆ ಹೊಗೆ ಕೊಳವೆಗೆ ಹೋಗುತ್ತದೆ. ಹೊಗೆ ಮನೆಯೊಳಗೆ ಬರುವುದಿಲ್ಲ, ಸೌದೆಯೂ ಕಡಿಮೆ. ಈ ಒಲೆ ಕಟ್ಟಿ ಕೈ ಪಳಗಿದವರು ನಮ್ಮ ಕಡೆ ಇನ್ನೂ ಇದ್ದಾರೆ, ಸುಮ್ನೆ ಯಾರೋ ಗಾರೆಯವರ ಹತ್ತಿರ ಅಂದಾಜಿಗೆ ಕಟ್ಟಿಸಬೇಡಿ. ಸೋಲಾರ್ ಹೀಟರ್ ಹಾಕಿದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಡೆಯೇ ಗತಿ.

ಇನ್ನು ಫಾಲ್ಸ್ ಸೀಲಿಂಗ್. ಇದು ನಮ್ಮ ಮನೆಯದೇ ಕಥೆ. ಹೆಂಚಿನ ಅಡಿಗೆ ಜಿಪ್ಸಂ ಹೊಡೆಸಿದ್ದೆವು, ಗೋಡೆಯಿಂದ ಗೋಡೆಗೆ, ಗಾಳಿ ಆಡದ ಹಾಗೆ, ಮದುವೆ ಛತ್ರದಷ್ಟು ಬೆಳ್ಳಗೆ. ಕೆಲಸದವನು ಮಾಡಿನ ಮೇಲೆ ಓಡಾಡುವಾಗ ಒಂದು ಹೆಂಚು ಒಡೆದಿದ್ದ, ಹೇಳಲಿಲ್ಲ. ಮೊದಲಾದರೆ ಸೋರಿದ ಹನಿ ನೇರ ತಲೆ ಮೇಲೆ ಬೀಳುತ್ತಿತ್ತು, ಕೋಲಲ್ಲಿ ಹೆಂಚು ಸರಿಸಿದರೆ ಆಯಿತು. ಈಗ ಆಷಾಢದಲ್ಲಿ ಚಹಾ ಬಣ್ಣದ ಒಂದು ಕಲೆ ಬಂತು, ಅಷ್ಟೇ. ದೀಪಾವಳಿಗೆ ಬಿಚ್ಚಿಸಿ ನೋಡಿದರೆ ಹೆಂಚು ಹೊರುವ ಮರದ ಪಟ್ಟಿ, ಅಂದರೆ ಪಕಾಸಿ, ಎರಡು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಕುಂಬಾಗಿದ್ದವು.

ಹಾಗಾಗಿ ಇರುವ ಮುಚ್ಚಿಗೆಯನ್ನೇ ಮುಂದುವರಿಸಿ. ಬಿಚ್ಚಿದ ಹಳೇ ಮನೆಗಳ ಹಲಗೆ ಸಿಕ್ಕರೆ ಒಳ್ಳೆಯದು, ಅದಕ್ಕೂ ದುಡ್ಡು ಸಾಲದಿದ್ದರೆ ಬಿದಿರಿನ ತಟ್ಟಿಯಾದರೂ ಸೈ. ಹೆಂಚಿಗೂ ಹಲಗೆಗೂ ನಡುವೆ ಗಾಳಿ ಓಡಾಡಲಿ, ಹತ್ತಿ ನೋಡಲು ಒಂದು ಕಿಂಡಿ ಇರಲಿ. ಎಸಿ ಮಾತು ಬಿಡಿ, ತಂಪೆಲ್ಲ ಹೆಂಚಿನ ಸಂದಿಯಲ್ಲಿ ಹೋಗುತ್ತದೆ, ಊರಿಗೇ ಎಸಿ ಹಾಕಿಸಿದ ಹಾಗೆ. ಬದಲಿಗೆ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಮೋಟರಿನ ಫ್ಯಾನ್ ಹಾಕಿಸಿ, ಹಳೇದು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ಇನ್ನೊಂದು ಮಾತು: ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಲೇಬೇಡಿ. ನೆಲದಿಂದ ಏರಿದ ತೇವ ಹೊರಗೆ ಹೋಗಲಾರದೆ ಒಳಗೇ ಕೂರುತ್ತದೆ. ಸುಣ್ಣದ ಗಾರೆ ಸಾಕು.

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಮನೆ. ಮಾಡಿನ ಮೇಲೆ ಸೋಲಾರ್ ಹಾಕಿದರೆ ಸಬ್ಸಿಡಿ ಎಷ್ಟು? ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಹೋಗುತ್ತದೆ, ಆ ಕಷ್ಟ ತಪ್ಪುತ್ತದಾ?

ಉತ್ತರ: 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, 3 ಅಥವಾ ಜಾಸ್ತಿ ಹಾಕಿಸಿದರೆ ಒಟ್ಟು 78,000. ಆದರೆ ಮೀಟರಿಗೆ ಜೋಡಿಸುವ ಮಾಮೂಲಿ ಸೋಲಾರ್, ಲೈನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ಬಂದ್ ಆಗುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ಎಷ್ಟೋ ಜನಕ್ಕೆ ಇದು ಹಾಕಿಸಿದ ಮೇಲೆ ಗೊತ್ತಾಗುತ್ತದೆ. ಬ್ಯಾಟರಿ ಇರುವ ಹೈಬ್ರಿಡ್ ಬೇಕು ಅಂತ ಮೊದಲೇ ಹೇಳಿ, ಖರ್ಚು ಏರುತ್ತದೆ. ಹಲಸಿನ ಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಜೋಡಿಸಿದ ಉಳಿದವೂ ಸೊರಗುತ್ತವೆ. ಹಳೇ ಹೆಂಚಿನ ಮಾಡಿಗೆ ಆ ಭಾರ ಹೊರಿಸುವ ಬದಲು ಅಡಿಕೆ ಒಣಗಿಸುವ ಅಂಗಳದ ಅಂಚಲ್ಲಿ ಕಂಬ ನಿಲ್ಲಿಸುವುದು ಮೇಲು.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಹಳೇ ಆರ್‌ಸಿಸಿ ಮನೆ. ಮೇಲಿನ ಮಹಡಿ ಏಪ್ರಿಲ್‌ನಲ್ಲಿ ರಾತ್ರಿಯೂ ಬಿಸಿ. ತಾರಸಿ ಮೇಲೆ ಶೀಟ್ ಹಾಕಿಸಲಾ?

ಉತ್ತರ: ಮೊದಲು ತಾರಸಿಗೆ ಬಿಳಿ ಬಣ್ಣ ಅಥವಾ ಸುಣ್ಣ ಹೊಡೆಸಿ ಒಂದು ಬೇಸಿಗೆ ನೋಡಿ. ಸಾಲದಿದ್ದರೆ ಶೀಟ್, ಅದೂ ತಿಳಿ ಬಣ್ಣದ್ದು, ಎರಡೂ ಬದಿ ತೆರೆದಿರಬೇಕು.

ಪ್ರಶ್ನೆ: ಹೊಸನಗರ ಕಡೆ ನಮ್ಮ ಮನೆ ಹಿಂದೆ ಹಳ್ಳ ಇದೆ. ಅದರಿಂದ ಕರೆಂಟ್ ತೆಗೆಯಬಹುದಾ?

ಉತ್ತರ: ಖಂಡಿತ. ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಪೈಕೋ ಹೈಡ್ರೋ, ಅಂದರೆ ಹಳ್ಳದ ನೀರಲ್ಲಿ ತಿರುಗುವ ಪುಟ್ಟ ಜನರೇಟರ್, ಓಡುತ್ತಿದೆ. ಪೈಪಿನ ಇಳಿತ 10 ಮೀಟರ್, ನೀರು ಸೆಕೆಂಡಿಗೆ 10 ಲೀಟರ್ ಇದ್ದರೆ ಕಾಗದದ ಮೇಲೆ ಹತ್ತಿರ ಹತ್ತಿರ 1 ಕಿಲೋವ್ಯಾಟ್, ಕೈಗೆ ಅರ್ಧ ಸಿಕ್ಕಿತು ಅಂದುಕೊಳ್ಳಿ. ಹಗಲು ರಾತ್ರಿ ಓಡುವುದರಿಂದ ಅದೇ ದಿನಕ್ಕೆ 12 ಯೂನಿಟ್. 1 ಕಿಲೋವ್ಯಾಟ್ ಸೋಲಾರ್ ಒಳ್ಳೆ ಬಿಸಿಲಲ್ಲಿ ಕೊಡುವುದು 4ರ ಆಸುಪಾಸು. ಬಿಸಿಲಿಲ್ಲದ ತಿಂಗಳಲ್ಲೇ ಹಳ್ಳ ತುಂಬಿರುತ್ತದೆ ಅನ್ನುವುದು ಇನ್ನೊಂದು ಅನುಕೂಲ. ಆದರೆ ಜುಲೈನಲ್ಲಿ ಅಳೆದು ಮೋಸ ಹೋಗಬೇಡಿ, ಆಗ ಎಲ್ಲರ ಮನೆ ಹಿಂದೆಯೂ ಜೋಗವೇ. ಜನವರಿಯಲ್ಲಿ 200 ಲೀಟರ್ ಡ್ರಮ್ ಪೈಪಿನ ಬಾಯಿಗೆ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದು ಕಳಿಸಿ.