ಹೊಸ್ತಿಲಲ್ಲಿ ಹಿಡಿದುಕೊಳ್ಳುವ ಕಾಲು

ಓದುಗರ ಪತ್ರ: "ಸೊಂಟಕ್ಕೂ ಕಾಲಿಗೂ ಸೆನ್ಸರ್ ಕಟ್ಟಿ ನಡಿಗೆಯನ್ನು ಅಧ್ಯಯನ ಮಾಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಗ ಕೊಡಿಸಿದ ವಾಚೊಂದು ನನ್ನ ಕೈಯಲ್ಲಿದೆ. ಸ್ಕೂಟರಿನಲ್ಲಿ ಪೇಟೆಗೆ ಹೋಗಿ ಬಂದರೆ ನೂರಾರು ಹೆಜ್ಜೆ ನಡೆದಿದ್ದೀರಿ ಎನ್ನುತ್ತದೆ. ತರಕಾರಿ ಚೀಲ ಹಿಡಿದು ನಡೆದೇ ಬಂದ ದಿನ ಅರ್ಧವನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ನಂಬಿ ಸಂಶೋಧನೆಯೇ? ನನ್ನ ಪತ್ನಿಗೆ ಪಾರ್ಕಿನ್ಸನ್ ಕಾಯಿಲೆ. ಡಾಕ್ಟರ ಎದುರು ಚೆನ್ನಾಗಿಯೇ ನಡೆಯುತ್ತಾಳೆ. ಮನೆಯಲ್ಲಿ ಅಡುಗೆಮನೆಯ ಹೊಸ್ತಿಲ ಮುಂದೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಾಳೆ. ಡಾಕ್ಟರ ಕಣ್ಣಿಗೆ ಕಾಣದ್ದು ಒಂದು ಸೆನ್ಸರ್ ಪಟ್ಟಿಗೆ ಕಂಡೀತೇ? ಅಂದಹಾಗೆ, ದಿನಕ್ಕೆ 10,000 ಹೆಜ್ಜೆ ಎಂದು ಅಪ್ಪಣೆ ಕೊಡಿಸಿದವರು ಯಾರು?"
— ನಿವೃತ್ತ ಶಿಕ್ಷಕರು, ಸಾಗರ

ಸಂಪಾದಕರ ಉತ್ತರ:

ಮಾನ್ಯರೇ,

ವಾಚಿನ ಮೇಲಿನ ನಿಮ್ಮ ದೂರು ನ್ಯಾಯವಾದದ್ದೇ. ಅದರೊಳಗಿನ ಆಕ್ಸಿಲರೋಮೀಟರಿಗೆ, ಅಂದರೆ ಅಲುಗಾಟ ಅಳೆಯುವ ಚಿಪ್ಪಿಗೆ, ನಿಮ್ಮ ಕಾಲುಗಳ ಪರಿಚಯವೇ ಇಲ್ಲ. ಅದಕ್ಕೆ ಗೊತ್ತಿರುವುದು ಮಣಿಕಟ್ಟಿನ ಅಲುಗಾಟ ಮಾತ್ರ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 100ರಿಂದ 120 ಹೆಜ್ಜೆ, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಹಾಕುತ್ತೇವೆ. ಆ ಲಯಕ್ಕೆ ಹೊಂದುವ ಕುಲುಕಾಟ ಎಲ್ಲಿಂದ ಬಂದರೂ ವಾಚು ಅದನ್ನು ಹೆಜ್ಜೆ ಎಂದುಕೊಳ್ಳುತ್ತದೆ, ನಮ್ಮ ರಸ್ತೆಗಳಂತೂ ಆ ಕುಲುಕಾಟವನ್ನು ಧಾರಾಳವಾಗಿ ಒದಗಿಸುತ್ತವೆ. ಚೀಲ ಹಿಡಿದ ಕೈ ಬೀಸುವುದಿಲ್ಲವಾದ್ದರಿಂದ ವಾಚಿನ ಮಟ್ಟಿಗೆ ಆಗ ನೀವು ನಡೆಯುತ್ತಲೇ ಇರುವುದಿಲ್ಲ. ನಡಿಗೆಯ ಸಂಶೋಧಕರು ಸೆನ್ಸರನ್ನು ಸೊಂಟದ ಹಿಂಭಾಗಕ್ಕೆ, ಮೊಣಕಾಲಿನ ಕೆಳಗೆ ಅಥವಾ ಪಾದಕ್ಕೇ ಕಟ್ಟುವುದು ಇದಕ್ಕಾಗಿ. ಹೆಜ್ಜೆ ಎಣಿಸುವುದು ಅವರ ಕೆಲಸದಲ್ಲಿ ತೀರಾ ಸಣ್ಣ ಭಾಗ.

ಮೊಣಕಾಲಿನ ಕೆಳಗೆ ಗೈರೋಸ್ಕೋಪ್ (ತಿರುಗುವ ವೇಗವನ್ನು ಅಳೆಯುವ ಸೆನ್ಸರ್) ಕಟ್ಟಿದರೆ ಪ್ರತಿ ಹೆಜ್ಜೆಗೂ ಒಂದೇ ತೆರನಾದ ಗೆರೆ ಮೂಡುತ್ತದೆ. ಕಾಲು ಗಾಳಿಯಲ್ಲಿ ಮುಂದಕ್ಕೆ ಬೀಸಿದಾಗ ಎತ್ತರದ ಒಂದು ದಿಬ್ಬ, ಅದರ ಎರಡೂ ಬದಿಗೆ ಒಂದೊಂದು ತಗ್ಗು. ಮೊದಲ ತಗ್ಗು ಹೆಬ್ಬೆರಳು ನೆಲ ಬಿಟ್ಟ ಗಳಿಗೆ, ಎರಡನೆಯದು ಹಿಮ್ಮಡಿ ನೆಲ ಮುಟ್ಟಿದ ಗಳಿಗೆ. ಆರೋಗ್ಯವಂತರಲ್ಲಿ ಒಂದು ಪಾದ ಸುಮಾರು ಶೇ 60ರಷ್ಟು ಹೊತ್ತು ನೆಲದ ಮೇಲೂ ಶೇ 40ರಷ್ಟು ಹೊತ್ತು ಗಾಳಿಯಲ್ಲೂ ಇರುತ್ತದೆ. ಬೀಳುವ ಭಯವಿರುವವರಲ್ಲಿ ನೆಲದ ಪಾಲು ಹೆಚ್ಚುತ್ತದೆ. ಒಂದು ಹೆಜ್ಜೆಗೂ ಮುಂದಿನದಕ್ಕೂ ಹಿಡಿಯುವ ಸಮಯ ಎಷ್ಟು ಏರುಪೇರಾಗುತ್ತದೆ ಎಂಬುದು ಇನ್ನೂ ಮುಖ್ಯ. ಆ ಏರುಪೇರು ಹೆಚ್ಚಿರುವ ವೃದ್ಧರು ಮುಂದೆ ಬೀಳುವ ಸಂಭವವೂ ಹೆಚ್ಚು ಎಂದು ಜೆಫ್ರಿ ಹೌಸ್‌ಡಾರ್ಫ್ ಮತ್ತು ಸಂಗಡಿಗರು 2001ರಲ್ಲೇ ತೋರಿಸಿದ್ದಾರೆ. ಸೆಕೆಂಡಿನ ನೂರನೇ ಭಾಗಗಳಲ್ಲಿ ಅಳೆಯಬೇಕಾದ ಈ ವ್ಯತ್ಯಾಸ ಎಷ್ಟೇ ಪಳಗಿದ ಡಾಕ್ಟರ ಕಣ್ಣಿಗೂ ಬೀಳುವಂಥದ್ದಲ್ಲ.

ನೀವು ಶಿಕ್ಷಕರಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ, ಹಾಳೆಯ ಮೇಲೆ ಮಾಡಿ ನೋಡಿ. ಆಕ್ಸಿಲರೋಮೀಟರ್ ಅಳೆಯುವುದು ದೂರವನ್ನಲ್ಲ, ವೇಗೋತ್ಕರ್ಷವನ್ನು, ಅಂದರೆ ವೇಗ ಬದಲಾಗುವ ದರವನ್ನು. ಅದರಿಂದ ವೇಗವನ್ನು, ವೇಗದಿಂದ ದೂರವನ್ನು ಲೆಕ್ಕ ಹಾಕಿ ತೆಗೆಯಬೇಕು. ಪ್ರತಿ ಸೆಕೆಂಡಿನಲ್ಲೂ ವೇಗಕ್ಕೆ ಸೆಕೆಂಡಿಗೆ ಬರೀ ಒಂದು ಸೆಂಟಿಮೀಟರಿನಷ್ಟು ತಪ್ಪು ಸೇರುತ್ತಾ ಹೋದರೆ, ಒಂದು ನಿಮಿಷದ ಕೊನೆಗೆ ದೂರದಲ್ಲಿ 18 ಮೀಟರ್ ತಪ್ಪಿರುತ್ತದೆ. ನಡುಮನೆಯಲ್ಲಿ ನಿಂತವರು ಬೀದಿಯಾಚೆ ಹೋಗಿರುತ್ತಾರೆ! ಸಂಶೋಧಕರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸೊಗಸಾದದ್ದು. ಪ್ರತಿ ಹೆಜ್ಜೆಯಲ್ಲೂ ಪಾದ ನೆಲದ ಮೇಲೆ ಪೂರ್ತಿ ಊರಿದ ಒಂದು ಗಳಿಗೆ ಇರುತ್ತದೆ, ಆಗ ಅದರ ವೇಗ ಸೊನ್ನೆ ಎಂದು ನಮಗೆ ಮೊದಲೇ ಗೊತ್ತು. ಆ ಗಳಿಗೆ ಬಂದಾಗಲೆಲ್ಲ ವೇಗದ ಲೆಕ್ಕವನ್ನು ಸೊನ್ನೆಗೆ ತಂದರೆ ವೇಗದ ತಪ್ಪು ಒಂದು ಹೆಜ್ಜೆಯಾಚೆ ಬೆಳೆಯುವುದಿಲ್ಲ. ಕಾಲೆಳೆದುಕೊಂಡು ನಡೆಯುವವರಲ್ಲಿ ಆ ಗಳಿಗೆಯನ್ನು ಗುರುತಿಸುವುದು ಕಷ್ಟ. ಈ ವಿದ್ಯೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಹೆಚ್ಚು ತೊಡಕು.

ನಡಿಗೆಗೆ ಯಂತ್ರ ಕಟ್ಟುವ ಹಂಬಲವೇನೂ ಇಂದಿನದಲ್ಲ. ಫ್ರಾನ್ಸಿನ ಎತಿಯೆನ್ ಜೂಲ್ ಮರೇ 1870ರ ದಶಕದಲ್ಲೇ ಅಟ್ಟೆಯೊಳಗೆ ಗಾಳಿಚೀಲವಿದ್ದ ಬೂಟು ತೊಡಿಸಿ, ಅದರ ಒತ್ತಡವನ್ನು ರಬ್ಬರ್ ಕೊಳವೆಯ ಮೂಲಕ ಓಟಗಾರನ ಕೈಯಲ್ಲಿದ್ದ ಪುಟ್ಟ ಯಂತ್ರಕ್ಕೆ ತಲುಪಿಸಿ ಗೆರೆ ಬರೆಸಿದ್ದ. ಜರ್ಮನಿಯಲ್ಲಿ ಬ್ರೌನೆ ಮತ್ತು ಫಿಷರ್ ಮೈತುಂಬ ಬೆಳಕಿನ ಕೊಳವೆ ಕಟ್ಟಿ ಕತ್ತಲಲ್ಲಿ ನಡೆಸಿ ಫೋಟೊ ತೆಗೆದರು. ಬ್ರೌನೆ 1892ರಲ್ಲಿ ತೀರಿಕೊಂಡ. ಆ ಫೋಟೊಗಳ ಲೆಕ್ಕಾಚಾರವನ್ನೆಲ್ಲ ಫಿಷರ್ ಪ್ರಕಟಿಸಿ ಮುಗಿಸುವಾಗ 1904 ಆಗಿತ್ತು. ಅಷ್ಟು ಸರಂಜಾಮು ಹೊತ್ತವರನ್ನು ಪ್ರಯೋಗಶಾಲೆಯಾಚೆ ಕಳುಹಿಸುವಂತಿರಲಿಲ್ಲ. ಈಗಿನ ಸೆನ್ಸರ್ ಮನೆಗೆ ಬರುತ್ತದೆ. ಅದರ ನಿಜವಾದ ಬೆಲೆ ಇರುವುದು ಇಲ್ಲಿಯೇ.

ನಿಮ್ಮ ಶ್ರೀಮತಿಯವರ ವಿಷಯಕ್ಕೆ ಬರುತ್ತೇನೆ. ಡಾಕ್ಟರ ಎದುರು ಚೆನ್ನಾಗಿ ನಡೆದು ಮನೆಯ ಹೊಸ್ತಿಲಲ್ಲಿ ನಿಂತುಬಿಡುವುದು ಈ ಕಾಯಿಲೆಯ ಹಳೆಯ ಚಾಳಿ. ಯಾರೋ ಗಮನಿಸುತ್ತಿದ್ದಾರೆ ಎಂದಾಗ ಮನಸ್ಸು ಪೂರ್ತಿ ಕಾಲಿನ ಮೇಲಿರುತ್ತದೆ, ನಡಿಗೆ ಸುಧಾರಿಸುತ್ತದೆ. ಬಾಗಿಲು, ಇಕ್ಕಟ್ಟು, ತಿರುವು ಎದುರಾದಾಗ, ಅದರಲ್ಲೂ ಗಮನ ಬೇರೆಡೆ ಇದ್ದಾಗ, ಕಾಲು ಹಿಡಿದುಕೊಳ್ಳುತ್ತದೆ. ದಯವಿಟ್ಟು ಅವರು ಬೇಕೆಂದೇ ಹಾಗೆ ಮಾಡುತ್ತಾರೆ ಎಂದು ಮನೆಯಲ್ಲಿ ಯಾರೂ ಭಾವಿಸದಿರಲಿ.

ಹೊರನೋಟಕ್ಕೆ ಅವರು ಸುಮ್ಮನೆ ನಿಂತಂತೆ ಕಂಡರೂ ಕಾಲು ಎಷ್ಟೋ ಸಲ ಒಳಗೊಳಗೇ ನಡುಗುತ್ತಿರುತ್ತದೆ. ಸಹಜ ನಡಿಗೆಯ ಚಲನೆ ಬಹುಪಾಲು ಸೆಕೆಂಡಿಗೆ ಮೂರು ಆವರ್ತನಗಳ ಒಳಗಿರುತ್ತದೆ, ಈ ನಡುಕ ಮೂರರಿಂದ ಎಂಟರ ನಡುವೆ. ಎರಡರ ಬಲವನ್ನು ಹೋಲಿಸಿ ಕಾಲು ಹಿಡಿದ ಗಳಿಗೆಯನ್ನು ಪತ್ತೆ ಮಾಡುವ ವಿಧಾನ 2008ರಲ್ಲಿ ಬಂತು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜ್ಯೂರಿಕ್ ಮತ್ತು ಟೆಲ್ ಅವೀವ್ ಸಂಶೋಧಕರು 10 ಮಂದಿ ರೋಗಿಗಳಿಗೆ ಸೆನ್ಸರ್ ಕಟ್ಟಿದರು. ಅವರು ಮಾಡಬೇಕಿದ್ದ ಕೆಲಸಗಳಲ್ಲಿ ಒಂದು, ಅಡುಗೆಮನೆಗೆ ಹೋಗಿ ಕುಡಿಯಲು ಏನಾದರೂ ತರುವುದು! ಒಟ್ಟು 237 ಸಲ ಕಾಲು ಹಿಡಿದುಕೊಂಡಿತು. ಯಂತ್ರ ಪತ್ತೆ ಮಾಡಿದ್ದು ಸುಮಾರು ಶೇ 73ರಷ್ಟನ್ನು. ಪತ್ತೆಯಾದೊಡನೆ ಕಿವಿಯಲ್ಲಿ ಟಿಕ್ ಟಿಕ್ ತಾಳ ಕೇಳಿಸಿ ಮತ್ತೆ ಹೆಜ್ಜೆ ಹಾಕಲು ನೆರವಾಗುವುದು ಅವರ ಉದ್ದೇಶ. ಕಾಲು ಹಿಡಿಯದಿದ್ದಾಗಲೂ ಆಗಾಗ ತಾಳ ಬಾರಿಸಿದ್ದುಂಟು. ಹತ್ತು ಮಂದಿಯ ಪ್ರಯೋಗವನ್ನು ಪವಾಡವೆಂದು ಮಾರುವವರನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಡಾಕ್ಟರ ಕೋಣೆಯಲ್ಲಿ ಕಾಣಿಸಿಕೊಳ್ಳದ ಕಾಯಿಲೆಯನ್ನು ಹಿಡಿಯಲು ದಾರಿ ಇದೆ ಎಂಬುದಂತೂ ಅದರಿಂದ ಖಚಿತವಾಯಿತು.

ಆ ದಾರಿ ಬೇರೆ ಕಡೆ ಗಟ್ಟಿಯಾಗಿದೆ. ಡುಶೆನ್ ಸ್ನಾಯುಕ್ಷಯವಿರುವ ಮಕ್ಕಳಿಗೆ ಹೊಸ ಔಷಧ ನಾಟುತ್ತಿದೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಆರು ನಿಮಿಷ ನಡೆಸಿ ನೋಡುವುದು ವಾಡಿಕೆ. ಅಂದು ಮಗುವಿಗೆ ಜ್ವರವೋ ಮುನಿಸೋ ಇದ್ದರೆ ಫಲಿತಾಂಶವೇ ಕೆಡುತ್ತದೆ. ಅದರ ಬದಲು ಕಣಕಾಲಿಗೆ ಸೆನ್ಸರ್ ಕಟ್ಟಿ, ವಾರಗಟ್ಟಲೆ ಮನೆಯಲ್ಲಿ, ಬೀದಿಯಲ್ಲಿ ಹಾಕಿದ ಹೆಜ್ಜೆಗಳಲ್ಲಿ ಅತಿ ವೇಗದ ಶೇ 5ರಷ್ಟನ್ನು ಆರಿಸಿ ನೋಡುವ ಮಾಪನವನ್ನು ಐರೋಪ್ಯ ಔಷಧ ಸಂಸ್ಥೆ 2019ರಲ್ಲಿ ಪೂರಕವಾಗಿಯೂ 2023ರಲ್ಲಿ ಮುಖ್ಯ ಅಳತೆಗೋಲಾಗಿಯೂ ಒಪ್ಪಿಕೊಂಡಿತು.

ನನ್ನ ತಕರಾರೂ ಒಂದಿದೆ. ಮಣಿಕಟ್ಟಿನ ಸೆನ್ಸರನ್ನು ಬ್ರಿಟನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಒಂದೊಂದು ವಾರ ತೊಟ್ಟರು. ಪಾರ್ಕಿನ್ಸನ್ ಪತ್ತೆಯಾಗುವುದಕ್ಕೆ ವರ್ಷಗಳ ಮೊದಲೇ ಚಲನೆ ನಿಧಾನವಾಗಿರುತ್ತದೆ ಎಂದು ಅದರಿಂದ 2023ರಲ್ಲಿ ತಿಳಿದುಬಂತು. ಒಳ್ಳೆಯದೇ. ಆದರೆ ಅಲ್ಲಿಯ ಅಳತೆಗೋಲನ್ನು ಹಾಗೆಯೇ ಇಲ್ಲಿಗೆ ತರಬಾರದು. ನಿಮ್ಮ ಶ್ರೀಮತಿಯವರು ಮನೆಯಲ್ಲಿ ಬರಿಗಾಲಿನಲ್ಲಿ, ಸೀರೆ ಉಟ್ಟು ನಡೆಯುತ್ತಿರಬಹುದು. ನಿರಿಗೆ ಎಡವದಂತೆ ಹಾಕುವ ಗಿಡ್ಡ ಹೆಜ್ಜೆಗೂ ಕಾಯಿಲೆಯ ಗಿಡ್ಡ ಹೆಜ್ಜೆಗೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ಕಲಿಸಲು ಇಲ್ಲಿಯವರೇ ನಡೆದ ದಾಖಲೆ ಬೇಕು.

ಸದ್ಯಕ್ಕೆ ನೀವು ಯಾವ ಪಟ್ಟಿಯನ್ನೂ ಕೊಳ್ಳಬೇಕಿಲ್ಲ. ಹೊಸ್ತಿಲಲ್ಲಿ ಅವರ ಕಾಲು ಹಿಡಿದುಕೊಂಡಾಗ ಮೊದಲು ಆಸರೆ ಕೊಡಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಮಾತ್ರೆ ನುಂಗಿದ ಹೊತ್ತು, ಕಾಲು ಹಿಡಿದ ಹೊತ್ತು ಎರಡನ್ನೂ ಬರೆದಿಡಿ. ಕೆಲವರಲ್ಲಿ ಮಾತ್ರೆಯ ಪ್ರಭಾವ ಇಳಿಯುವ ವೇಳೆಗೇ ಇದು ಹೆಚ್ಚು. ಇವೆರಡನ್ನೂ ನರರೋಗ ತಜ್ಞರಿಗೆ ತೋರಿಸಿ. ಹೊಸ್ತಿಲ ಮುಂದೆ ನೆಲದ ಮೇಲೆ ಅಡ್ಡಲಾಗಿ ಬಣ್ಣದ ಟೇಪಿನ ಪಟ್ಟೆಗಳನ್ನು ಅಂಟಿಸಿದರೆ ಹಲವರಿಗೆ ಹೆಜ್ಜೆ ಎತ್ತುವುದು ಸುಲಭವಾಗುತ್ತದೆ, ಅದನ್ನೂ ಕೇಳಿ ನೋಡಿ.

10,000 ಹೆಜ್ಜೆಯ ಅಪ್ಪಣೆ ಯಾವ ವೈದ್ಯಕೀಯ ಅಧ್ಯಯನದಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಮುಂದಿಟ್ಟ ಸಂಖ್ಯೆ ಅದು. ಸರಾಸರಿ 72 ವರ್ಷದ 16,000ಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಸೊಂಟಕ್ಕೆ ಸೆನ್ಸರ್ ಕಟ್ಟಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀರಾ ಕಡಿಮೆ ನಡೆಯುವವರಿಗಿಂತ ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸ್ಕೂಟರಿನ ಹೆಜ್ಜೆಗಳನ್ನು ಕಳೆದು ನಿಮ್ಮದು ಎಷ್ಟಾಗುತ್ತದೆ ನೋಡಿಕೊಳ್ಳಿ.

— ಸಂ.