ಸರ್ಕಾರ ಒಳ್ಳೆಯ ನರ್ಸರಿ ನಡೆಸಬಹುದಾ? ಎಲ್ಲಿಂದ ಶುರು ಮಾಡಬೇಕು?

ಫೀಸ್ ಕಟ್ಟಲಾಗದ ಮನೆಯ ಮಕ್ಕಳಿಗೂ ಒಳ್ಳೆಯ ನರ್ಸರಿ ಸಿಗುವಂತೆ ಸರ್ಕಾರ ಮಾಡಬಹುದಾ, ಮಾಡುವುದಾದರೆ ಮೊದಲ ಕೆಲಸ ಯಾವುದು ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಮೊದಲು ಪ್ರತಿ ಅಂಗನವಾಡಿಗೂ ಪಾಠಕ್ಕೆಂದೇ ಇನ್ನೊಬ್ಬರನ್ನು ಕೊಡಬೇಕು. ಗೋಡೆಗೆ ಬಣ್ಣ, ಹೊಸ ಬೋರ್ಡು ಎಲ್ಲ ಆಮೇಲೆ.

ನಾನು ಬೆಂಗಳೂರಿನ ಲಗ್ಗೆರೆಯವಳು. ನಮ್ಮ ಬೀದಿಯ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿದ್ದೇನೆ, ಅಂದರೆ ಅಂಗನವಾಡಿಯ ಆಗುಹೋಗು ನೋಡುವ ಊರವರ ಸಮಿತಿ. ಅಲ್ಲಿನ ಟೀಚರ್ ಕೆಲಸ ಕೇಳಿ. ಮಕ್ಕಳ ತೂಕ, ಎತ್ತರ ನೋಡಿ ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹಾಕಬೇಕು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಆಹಾರ ಕೊಟ್ಟು ಲೆಕ್ಕ ಬರೆಯಬೇಕು. ಮನೆ ಮನೆಗೆ ಹೋಗಬೇಕು, ಲಸಿಕೆಗೆ ತಾಯಂದಿರನ್ನು ಕರೆಸಬೇಕು. ಸರ್ವೆ ಬಂದರೆ ಅದೂ ಅವರ ತಲೆಗೇ. ಸಹಾಯಕಿಗೆ ಅಡುಗೆ, ಪಾತ್ರೆ, ಸಣ್ಣ ಮಕ್ಕಳ ಚಾಕರಿಯಲ್ಲೇ ಹೊತ್ತು ಹೋಗುತ್ತದೆ. ಅಂಗನವಾಡಿ ಮಕ್ಕಳ ಪಠ್ಯವಾದ 'ಚಿಲಿಪಿಲಿ'ಯ ಚಟುವಟಿಕೆಗಳು ಪುಸ್ತಕದಲ್ಲಿ ಚೆನ್ನಾಗಿಯೇ ಇವೆ. ಮಾಡಿಸಲು ಪುರುಸೊತ್ತು ಬೇಕಲ್ವಾ?

ಇದು ಸುಮ್ನೆ ನನ್ನ ಅನಿಸಿಕೆಯಲ್ಲ. ತಮಿಳುನಾಡಿನಲ್ಲಿ 320 ಅಂಗನವಾಡಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಅವುಗಳಲ್ಲಿ ಕೆಲವಕ್ಕೆ ಕಲಿಕೆಗೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಪಾಠದ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಆ ಮಕ್ಕಳು ಭಾಷೆಯಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ತೀವ್ರ ಅಪೌಷ್ಟಿಕತೆ ಕೂಡ ಕಡಿಮೆಯಾಯಿತು, ಏಕೆಂದರೆ ಹಳೆಯ ಕಾರ್ಯಕರ್ತೆಗೆ ಆ ಕಡೆ ಗಮನ ಕೊಡಲು ಬಿಡುವು ಸಿಕ್ಕಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಬರೀ ಸಂಖ್ಯೆ ಜಾಸ್ತಿ ಮಾಡಿದರೆ ಸಾಲದು. ಅಮೆರಿಕದ ಟೆನೆಸೀ ರಾಜ್ಯದ ಸರ್ಕಾರಿ ನರ್ಸರಿಗೆ ಹೋದ ಮಕ್ಕಳು ಆರನೇ ತರಗತಿಗೆ ಬರುವಾಗ, ಹೋಗದವರಿಗಿಂತ ಹಿಂದಿದ್ದರು. ಅದೇ ದೇಶದ ಬಾಸ್ಟನ್ ನಗರ 2005ರಿಂದ ಬೇರೆ ದಾರಿ ಹಿಡಿಯಿತು. ಉಳಿದ ಶಾಲಾ ಶಿಕ್ಷಕರಷ್ಟೇ ಸಂಬಳ, ಒಳ್ಳೆಯ ಪಠ್ಯ, ತರಗತಿಗೇ ಬಂದು ತಿದ್ದುವ ಮಾರ್ಗದರ್ಶಕರು. ಅಲ್ಲಿನ ಫಲಿತಾಂಶ ಚೆನ್ನಾಗಿತ್ತು. ನಮ್ಮಲ್ಲಿ ಕಾರ್ಯಕರ್ತೆಗೆ ಕೇಂದ್ರ ನಿಗದಿ ಮಾಡಿದ ಗೌರವಧನ 2018ರಿಂದ ತಿಂಗಳಿಗೆ 4,500 ರೂಪಾಯಿ. ರಾಜ್ಯ ತನ್ನ ಪಾಲು ಸೇರಿಸುತ್ತದೆ, ಆದರೂ ಬೆಂಗಳೂರಿನ ಬಾಡಿಗೆಗೆ ಅದು ಸಾಲುವುದಿಲ್ಲ.

ಇನ್ನೊಂದು ತೊಡಕು ಇಲಾಖೆಗಳದ್ದು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಭಯ ನ್ಯಾಯವಾದದ್ದೇ. ನಾಲ್ಕು ವರ್ಷದವರು ಶಾಲೆಗೆ ಹೋದರೆ ಅಂಗನವಾಡಿಯಲ್ಲಿ ಯಾರು ಉಳಿಯುತ್ತಾರೆ? ಆಮೇಲೆ ಅಂಗನವಾಡಿಯಲ್ಲೇ 'ಸರ್ಕಾರಿ ಮಾಂಟೆಸ್ಸರಿ' ಶುರುವಾಯಿತು. ಆ ದಾರಿಯೇ ನನಗೆ ಸರಿ ಅನಿಸುತ್ತದೆ, ಆದರೆ ಅದೇ ಟೀಚರ್ ಮೇಲೆ ಇನ್ನೊಂದು ಹೊರೆ ಹೇರದಿದ್ದರೆ ಮಾತ್ರ.

ಸಮಯದ ವಿಷಯವನ್ನೂ ಹೇಳಬೇಕು. ನಮ್ಮ ಕಡೆ ತಾಯಂದಿರು ಜಾಸ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಂಗನವಾಡಿ ನಾಲ್ಕಕ್ಕೆ ಮುಚ್ಚುತ್ತದೆ, ಅವರ ಶಿಫ್ಟು ಅಷ್ಟೊತ್ತಿಗೆ ಮುಗಿಯುವುದಿಲ್ಲ. ಸಂಜೆ ಆರರವರೆಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದೆ ಹೋದರೆ, ಪಾಠ ಎಷ್ಟೇ ಚೆನ್ನಾಗಿದ್ದರೂ ಅವರು ಸಾಲ ಮಾಡಿಯಾದರೂ ಪ್ರೈವೇಟಿಗೆ ಸೇರಿಸುತ್ತಾರೆ. ನಿಮ್ಮ ಏರಿಯಾದ ಬಾಲವಿಕಾಸ ಸಮಿತಿ ಸಭೆಗೆ ಒಮ್ಮೆ ಹೋಗಿ ಈ ಎರಡನ್ನೂ ಕೇಳಿ: ಪಾಠಕ್ಕೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತಿದೆ, ನಾಲ್ಕರ ನಂತರ ಮಕ್ಕಳು ಎಲ್ಲಿರುತ್ತಾರೆ.